ಬೆರಳು ನಿಮ್ಮದೇ ಇರಲಿ ಎನ್ನುವ ಪಿನ್ನಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವಿಮಾನ ನಿಲ್ದಾಣದ ಉದ್ದನೆಯ ಹಜಾರದಲ್ಲಿ ನೆಲ ಒರೆಸುವ ಯಂತ್ರ ಗುಂಯ್‌ಗುಡುತ್ತಾ ಹೋಗುತ್ತಿದೆ. ಎರಡು ಕಂಬಗಳ ನಡುವೆ ಸಿಕ್ಕಿಸಿಟ್ಟಂತಿರುವ ಪುಟ್ಟ ಸಿಮ್ ಕೌಂಟರಿನ ಶಟರ್ ಮೇಲೇಳುತ್ತದೆ. ಮೊದಲು ಒಂದು ಶಾಲು ಕಾಣುತ್ತದೆ, ಆಮೇಲೆ ಕನ್ನಡಕ, ಆಮೇಲೆ ದನಿ. ‘ಬನ್ನಿ ಸಾರ್, ಮೊದ್ಲು ಬ್ಯಾಗ್ ಕೆಳಗಿಡಿ. ಹೆಗಲ ಮೇಲೆ ಭಾರ ಇಟ್ಕೊಂಡು ಯಾರೂ ನೆಟ್ಟಗೆ ಯೋಚನೆ ಮಾಡಿದ್ದಿಲ್ಲ.’

ಎದುರಿಗೆ ನಿಂತವರಿಗೆ ಅವಸರ. ಮೂರು ದಿನದ ಕೆಲಸ, ಬೇರೆ ದೇಶ. ‘ಯಾವ್ದಾದ್ರೂ ಒಂದು ನೆಟ್ ಹಾಕ್ಕೊಡಿ ಮೇಡಂ.’

‘ಯಾವ್ದಾದ್ರೂ ಒಂದು ಅನ್ನೋಕೆ ಇದೇನು ಛತ್ರಿನಾ? ಎಷ್ಟು ದಿನ? ಒಬ್ರೇನಾ, ಜೊತೆಗೆ ದಂಡು ಇದ್ಯಾ? ಬ್ಯಾಂಕಿನ ಮೆಸೇಜ್ ಯಾವ ನಂಬರಿಗೆ ಬರುತ್ತೆ?’

ಮೂರನೇ ಪ್ರಶ್ನೆಗೆ ಎಂಥವರೂ ಒಮ್ಮೆ ತಲೆ ಕೆರೆದುಕೊಳ್ಳುತ್ತಾರೆ. ಊರಿನ ಸಿಮ್ ತೆಗೆದು ಪರ್ಸಿನ ಮೂಲೆಗೆ ತುರುಕಿ ಹೋದರೆ, ಅಲ್ಲಿ ಹೋಟೆಲಿನ ಬಿಲ್ ಕಟ್ಟುವ ಹೊತ್ತಿಗೆ ಬ್ಯಾಂಕ್ ಕಳಿಸುವ ಒಟಿಪಿ ಯಾರಿಗೆ ಬರಬೇಕು, ಪರ್ಸಿಗಾ?

ಹಜಾರದವರು ಇವರನ್ನು ಕರೆಯುವುದು ಪಿನ್ನಕ್ಕ ಎಂದು. ಗುರುತಿನ ಚೀಟಿಯ ದಾರದಲ್ಲೇ ಸಿಮ್ ತೆಗೆಯುವ ಪಿನ್ನೂ ತೂಗಾಡುತ್ತಿರುತ್ತದೆ. ದಿನಕ್ಕೆ ನಲವತ್ತು ಐವತ್ತು ಫೋನು ಇವರ ಕೌಂಟರಿನ ಮುಂದೆ ಬಾಯಿ ತೆರೆಯುತ್ತವೆ. ತಲೆಯ ಮೇಲೆ ನೇರವಾಗಿ ಏಸಿ ಸುರಿಯುವುದರಿಂದ ಬೇಸಿಗೆಯಲ್ಲೂ ಶಾಲು. ಕೂರಲು ಸ್ಟೂಲು ಸಿಕ್ಕಿದ್ದು ಈಚೆಗೆ. ಅದರ ಮೇಲೂ ಈಗ ಸಿಮ್ಮಿನ ಡಬ್ಬಗಳೇ ಕೂತಿವೆ. ಸಂಜೆ ಬಸ್ಸಿನ ಮೆಟ್ಟಿಲು ಹತ್ತುವಾಗ ಮೊಣಕಾಲು ತಗಾದೆ ತೆಗೆಯುತ್ತದೆ. ‘ನನ್ನ ಕಾಲಿಗೆ ರೋಮಿಂಗ್ ಇಲ್ಲ, ಹಜಾರ ದಾಟಿದ್ರೆ ಸಿಗ್ನಲ್ ಹೋಗುತ್ತೆ’ ಎಂದು ತಮ್ಮನ್ನೇ ಆಡಿಕೊಳ್ಳುತ್ತಾರೆ.

ಸಲಹೆಯಲ್ಲಿ ಮಾತ್ರ ಮುಲಾಜಿಲ್ಲ. ‘ಒಂದೆರಡು ದಿನ, ಬರೀ ಮೆಸೇಜು, ನಾಲ್ಕು ಮಾತು ಅಂದ್ರೆ ನಿಮ್ಮ ಕಂಪನಿದೇ ರೋಮಿಂಗ್ ಪ್ಯಾಕ್ ಹಾಕ್ಸಿ, ನನ್ನ ಹತ್ರ ಏನೂ ತಗೋಬೇಡಿ. ನಾಲ್ಕೈದು ಜನ ಒಟ್ಟಿಗೇ ಓಡಾಡ್ತೀರಾ? ಪಾಕೆಟ್ ವೈಫೈ. ಆದ್ರೆ ಅದನ್ನ ಜೇಬಲ್ಲಿಟ್ಕೊಂಡೋನು ಕಾಫಿಗೆ ಹೋದ್ರೆ ಮಿಕ್ಕೋರು ತಬ್ಬಲಿಗಳು. ತಿಂಗಳುಗಟ್ಟಲೆ ಇರೋರು ಅಲ್ಲೇ ಇಳಿದು ಸಿಮ್ ತಗೊಳ್ಳಲಿ. ವಿಡಿಯೋ ಗಿಡಿಯೋ ಜಾಸ್ತಿ ಇದ್ರೆ ಇ-ಸಿಮ್. ಅದು ಫೋನಿನ ಒಳಗೇ ಕೂರುತ್ತೆ, ಊರಿನ ಸಿಮ್ ಜಾಗದಲ್ಲೇ ಇರುತ್ತೆ, ಬ್ಯಾಂಕೂ ಸಿಟ್ಟು ಮಾಡ್ಕೊಳ್ಳಲ್ಲ.’

ವ್ಯಾಪಾರ ಮುಗಿದರೂ ಇವರು ಗಿರಾಕಿಯನ್ನು ಬಿಡುವುದಿಲ್ಲ. ‘ಇಳಿಯೋ ತಾಲೀಮು’ ಆಗಲೇಬೇಕು. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕು, ತೆಗಿ, ಎರಡನೇ ಲೈನು ಆರಿಸು, ಅದರ ರೋಮಿಂಗ್ ಒತ್ತು, ಊರಿನ ಲೈನಿನ ಡೇಟಾ ಆಫ್ ಮಾಡಿಬಿಡು. ಇದಿಷ್ಟನ್ನೂ ಗಿರಾಕಿಯೇ ಮಾಡಬೇಕು. ಪಿನ್ನಕ್ಕನ ಎರಡೂ ಕೈ ಆಗ ಬೆನ್ನ ಹಿಂದೆ. ಶುರುವಿನ ದಿನಗಳಲ್ಲಿ ಎಲ್ಲವನ್ನೂ ತಾವೇ ಟಕಟಕ ಒತ್ತಿಕೊಟ್ಟು ಶಹಭಾಸ್ ಅನ್ನಿಸಿಕೊಂಡಿದ್ದರು. ಹಾಗೆ ಹೋದವರೊಬ್ಬರು ಅಲ್ಲಿಳಿದು ಏನು ಒತ್ತಬೇಕೆಂದು ತಿಳಿಯದೆ ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕೂತಿದ್ದರಂತೆ. ವಾಪಸ್ ಬಂದವರು ಬೈಯಲಿಲ್ಲ. ‘ನೀವು ಮಾಡಿದ್ದು ನೋಡಿದ್ದೆ, ನಾನು ಮಾಡಿರ್ಲಿಲ್ಲ’ ಅಂದರಷ್ಟೆ. ಅವತ್ತಿನಿಂದ ‘ಬೆರಳು ನಿಮ್ದೇ ಇರ್ಲಿ’ ಅನ್ನುವುದು ಈ ಕೌಂಟರಿನ ಕಾನೂನು.

ಆ ಕಾನೂನು ಇವತ್ತು ಮುರಿಯುತ್ತದೆ. ಮುರಿಯುವವರು ಪಿನ್ನಕ್ಕನೇ.

ಚಕ್ರದ ಪೆಟ್ಟಿಗೆ ಎಳೆದುಕೊಂಡು ಬರುತ್ತಾಳೆ ಅವರ ತಂಗಿ. ವೆಲ್ಡಿಂಗ್ ಮಾಡುವವರಿಗೆ ಚರ್ಮದ ಕೈಗವಸು ಹೊಲಿಸುವ ಸಣ್ಣ ವರ್ಕ್‌ಶಾಪ್ ಅವಳದು. ಹೊರದೇಶದ ಫ್ಯಾಕ್ಟರಿಯೊಂದು ಮಾದರಿ ಮೆಚ್ಚಿದೆ. ಸಹಿ ಹಾಕುವ ಮೊದಲು ಮಧ್ಯಾಹ್ನ ಅವರ ಮೇಜಿನ ಮೇಲೇ, ವಿಡಿಯೋದಲ್ಲಿ, ಇಲ್ಲಿ ಮಷಿನ್ ಓಡುವುದನ್ನೂ ಹೊಲಿಗೆ ಬೀಳುವುದನ್ನೂ ತೋರಿಸಬೇಕು. ಆರ್ಡರ್ ಸಿಕ್ಕರೆ ಬಟ್ಟೆ ಹೊದ್ದು ಮಲಗಿರುವ ನಾಲ್ಕು ಮಷಿನ್ ಮತ್ತೆ ಎದ್ದು ಕೂರುತ್ತವೆ. ಇಲ್ಲದಿದ್ದರೆ ಮಷಿನ್ನುಗಳ ಜೊತೆ ಹೊಲಿಯುವವರೂ ಮನೆಯಲ್ಲೇ.

‘ಹೋಟ್ಲಲ್ಲಿ ವೈಫೈ ಇದೆ ಕಣೇ, ಸಾಕು’ ಅನ್ನುತ್ತಾಳೆ ತಂಗಿ.

‘ಮೀಟಿಂಗ್ ಹೋಟ್ಲಲ್ಲಾ?’

‘ಫ್ಯಾಕ್ಟರೀಲಿ. ಕೇಳಿದ್ರೆ ಅವ್ರ ವೈಫೈ ಕೊಡ್ತಾರೆ.’

‘ಹೊರಗಿನೋರಿಗೆ ಕೊಡಲ್ಲ ಅಂತ ಅವ್ರೇ ಬರೆದಿದ್ದನ್ನ ನೀನೇ ನನಗೆ ಓದಿ ಹೇಳಿದ್ದೆ. ಕೈಗವಸು ಮಾರೋಕೆ ಹೋಗೋಳು ಕೈ ಬೀಸ್ಕೊಂಡು ಹೋಗ್ತೀಯಾ?’

‘ರೋಮಿಂಗ್ ಹಾಕ್ಸಿದ್ರಾಯ್ತು ಬಿಡು.’

‘ಅದ್ರಲ್ಲಿ ದಿನಕ್ಕೆ ಕೊಡೋ ನೆಟ್ಟು ನಿನ್ನ ವಿಡಿಯೋಗೆ ಉಪ್ಪಿನಕಾಯಿಯಷ್ಟು. ಇ-ಸಿಮ್ ಹಾಕ್ತೀನಿ, ಕೊಡಿಲ್ಲಿ!’

ಕೊಡುವ ಮೊದಲೇ ಕಿತ್ತುಕೊಂಡಾಗಿದೆ. ಬೇರೆ ಗಿರಾಕಿಯಾದರೆ ಬೆನ್ನ ಹಿಂದೆ ಇರುತ್ತಿದ್ದ ಕೈಗಳು ಈಗ ಫೋನಿನ ಮೇಲೆ. ಚಿಕ್ಕಂದಿನಲ್ಲಿ ಇವಳ ಶೂ ಲೇಸೂ ಹೀಗೇ ಕಟ್ಟಿದ್ದವರಲ್ಲವೇ. ಇ-ಸಿಮ್ ಕೂರುತ್ತದೆ, ಫೋನು ಏರೋಪ್ಲೇನ್ ಮೋಡಿಗೆ ಹೋಗುತ್ತದೆ. ಅಷ್ಟರಲ್ಲಿ ತಂಗಿ, ‘ಎಲ್ಲಾ ನೀನೇ ಮಾಡು, ವಿಮಾನಾನೂ ನೀನೇ ಹತ್ತು’ ಎಂದು ಫೋನ್ ಕಸಿದುಕೊಂಡು, ಅಕ್ಕನ ಕೆನ್ನೆ ಹಿಂಡಿ, ಓಡುತ್ತಾಳೆ.

ಎರಡು ಗಿರಾಕಿ ಕಳೆದ ಮೇಲೆ ಮೂರನೆಯವರಿಗೆ ‘ಬೆರಳು ನಿಮ್ದೇ ಇರ್ಲಿ’ ಅನ್ನುವಾಗ ಪಿನ್ನಕ್ಕನ ಮಾತು ಅರ್ಧಕ್ಕೇ ನಿಲ್ಲುತ್ತದೆ. ತಂಗಿಯ ತಾಲೀಮು ಆಗಿಲ್ಲ. ರೋಮಿಂಗ್ ಒತ್ತಿಲ್ಲ. ಎಲ್ಲಿ ಒತ್ತಬೇಕೆಂದು ಅವಳಿಗೆ ಗೊತ್ತೂ ಇಲ್ಲ. ಫೋನ್ ಮಾಡಿದರೆ ಹೋಗುವುದಿಲ್ಲ. ಏರೋಪ್ಲೇನ್ ಮೋಡಿಗೆ ಹಾಕಿದವರು ಇವರೇ!

ಕೌಂಟರಿಗೆ ‘ಈಗ ಬರ್ತೀನಿ’ ಬೋರ್ಡು ತಗುಲಿಸಿ ಪಿನ್ನಕ್ಕ ಓಡುವುದು ಪ್ರಕಟಣೆ ಹೇಳುವ ಮೈಕ್ ಮೇಡಂ ಬಳಿಗೆ.

‘ನಿನ್ನ ತಂಗಿನ ಕರೆಯೋಕೆ ಇದೇನು ನಿಮ್ಮನೆ ಹಿತ್ತಿಲಾ?’

‘ಹಿತ್ತಿಲಾಗಿದ್ರೆ ನಾನೇ ಕೂಗ್ತಿದ್ದೆ. ಗಾಜಿನ ಗೋಡೆ ಹತ್ರ ಬಾ ಅನ್ನಿ ಸಾಕು, ನಿಮ್ಮ ಕಾಲಿಗೆ ಬೀಳ್ತೀನಿ.’

‘ಬೀಳಬೇಡ, ಎತ್ತೋರ್ಯಾರು?’ ಅನ್ನುತ್ತಲೇ ಮೈಕ್ ಮೇಡಂ ಗುಂಡಿ ಒತ್ತುತ್ತಾರೆ. ತಂಗಿಯ ಪೂರ್ತಿ ಹೆಸರು ಹಜಾರವಿಡೀ ಮೊಳಗುತ್ತದೆ.

ತಪಾಸಣೆಯ ಸಾಲಿಗೂ ಹಜಾರಕ್ಕೂ ನಡುವೆ ಆಳೆತ್ತರದ ಗಾಜು. ಆಚೆ ಗಾಬರಿಯಾದ ತಂಗಿ, ಈಚೆ ಏದುಸಿರಿನ ಅಕ್ಕ. ಮಾತು ಗಾಜು ದಾಟುವುದಿಲ್ಲ. ಪಿನ್ನಕ್ಕ ಶಾಲಿನ ಸಮೇತ ಎರಡೂ ತೋಳು ಚಾಚಿ ವಿಮಾನವಾಗುತ್ತಾರೆ. ತಂಗಿ ನಕ್ಕು ಟಾಟಾ ಮಾಡುತ್ತಾಳೆ. ಪಿನ್ನಕ್ಕ ಹಣೆ ಚಚ್ಚಿಕೊಂಡು ಮತ್ತೆ ವಿಮಾನವಾಗಿ, ಈ ಸಲ ಕೆಳಗಿಳಿದು, ನೆಲಕ್ಕೆ ಕುಕ್ಕರಿಸಿ, ತಮ್ಮ ಫೋನನ್ನು ಎತ್ತಿ ಎತ್ತಿ ತೋರಿಸುತ್ತಾರೆ. ಸಾಲಿಗೆ ಸಾಲೇ ನೋಡುತ್ತಿದೆ. ತಂಗಿ ಫೋನಿನತ್ತ ಕಣ್ಣು ಹಾಯಿಸಿ, ತುದಿಯಲ್ಲಿರುವ ವಿಮಾನದ ಚಿತ್ರ ಕಂಡು, ಒತ್ತುತ್ತಾಳೆ. ಮರುಕ್ಷಣವೇ ರಿಂಗು.

‘ಅಕ್ಕಾ, ಎಲ್ರೂ ನೋಡ್ತಿದಾರೆ. ಯಾಕೆ ಹದ್ದಿನ ಥರ ಆಡ್ತಿದ್ದೀಯ?’

‘ಬಾಯ್ಮುಚ್ಕೊಂಡು ಬೆರಳು ತೆಗಿ. ನಿಂದೇ ಬೆರಳು. ಸೆಟ್ಟಿಂಗ್ಸ್. ಎರಡನೇ ಲೈನು. ರೋಮಿಂಗ್ ಒತ್ತು. ಹಸಿರಾಯ್ತಾ? ಊರಿನ ಲೈನಿನ ಡೇಟಾ ಆಫ್ ಮಾಡು. ಈಗ ಎಲ್ಲಾನೂ ಮೊದ್ಲಿದ್ದಂಗೆ ಮಾಡಿ, ನಾನು ಹೇಳ್ದೆ ನೀನೇ ಇನ್ನೊಂದ್ಸಲ ಮಾಡು.’

ತಂಗಿ ಮಾಡುತ್ತಾಳೆ. ಗಾಜಿನ ಈಚೆ ಪಿನ್ನಕ್ಕನ ಒಂದು ಕೈ ಬೆನ್ನ ಹಿಂದೆ ಹೋಗಿರುತ್ತದೆ.

ಊಟದ ಹೊತ್ತು ದಾಟುತ್ತದೆ. ತಂಗಿಯ ವಿಮಾನ ಅಲ್ಲಿ ಇಳಿದು ಬಹಳ ಹೊತ್ತಾಯಿತು. ಫೋನಿಗೆ ಸದ್ದಿಲ್ಲ. ಮೈಕ್ ಮೇಡಂ ಎರಡು ಲೋಟ ಚಹಾ ಹಿಡಿದು ಬರುತ್ತಾರೆ. ‘ಒಂದು ಮೆಸೇಜೂ ಹಾಕ್ಲಿಲ್ವಾ ನಿನ್ನ ತಂಗಿ?’

‘ಹಾಕ್ಬಾರ್ದು. ಹಾಕಿದ್ರೆ ಏನೋ ಎಡವಟ್ಟಾಗಿದೆ ಅಂತರ್ಥ’ ಅನ್ನುತ್ತಾರೆ ಪಿನ್ನಕ್ಕ. ಚಹಾ ಮಾತ್ರ ಮುಟ್ಟುವುದಿಲ್ಲ.

ಕೊನೆಗೂ ಫೋನು ಅದುರುತ್ತದೆ. ತಂಗಿಯಲ್ಲ, ಅಮ್ಮ. ವರ್ಕ್‌ಶಾಪಿನಲ್ಲಿ ಹೊಲಿಗೆ ಪರೀಕ್ಷಿಸುವ ಕೆಲಸ ಅವರದೇ. ಹಿನ್ನೆಲೆಯಲ್ಲಿ ಮಷಿನ್ನುಗಳ ಗದ್ದಲ.

‘ವಿಡಿಯೋದಲ್ಲಿ ಬಂದಿದ್ಳು ಕಣೇ. ಎದುರಿಗೇ ಕೂತಂಗಿತ್ತು. ಅವ್ರು ಹೆಬ್ಬೆರಳಿನ ಹೊಲಿಗೆ ಹತ್ರದಿಂದ ತೋರ್ಸಿ ಅಂದ್ರು, ತೋರಿಸ್ದೆ. ಒಪ್ಕೊಂಡ್ರು! ನಾಲ್ಕು ಮಷಿನ್ನಿನ ಬಟ್ಟೆನೂ ತೆಗೆದ್ವಿ.’

‘ನನ್ನ ಬಗ್ಗೆ ಏನಾದ್ರೂ ಅಂದ್ಳಾ?’

‘ಇಲ್ವಲ್ಲೇ, ನಿನ್ನ ಹೆಸರೇ ಎತ್ಲಿಲ್ಲ.’

ಪಿನ್ನಕ್ಕ ಫೋನಿಟ್ಟು, ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದು, ಶಾಲು ಸರಿಮಾಡಿಕೊಳ್ಳುತ್ತಾರೆ. ‘ನೋಡಿ ಮೇಡಂ, ನನ್ನ ಆಸೆ ಇಷ್ಟೇ. ಇಲ್ಲಿಂದ ಹೋದೋರು ಅಲ್ಲಿ ಇಳಿದ್ಮೇಲೆ ನನ್ನ ನೆನೆಸ್ಕೋಬಾರ್ದು.’

ಅಷ್ಟರಲ್ಲಿ ಯಾರೋ ಓಡಿ ಬಂದು ನಿಲ್ಲುತ್ತಾರೆ, ಹೆಗಲಲ್ಲಿ ಚೀಲ.

‘ಮೊದ್ಲು ಬ್ಯಾಗ್ ಕೆಳಗಿಡಿ’ ಅನ್ನುತ್ತಾರೆ ಪಿನ್ನಕ್ಕ. ಎರಡೂ ಕೈ ಬೆನ್ನ ಹಿಂದೆ.