ಹಗೇವಿಗೆ ನೀರು ಬಂದ ವರ್ಷ

ದಾವಣಗೆರೆಯ ಹಳೇಪೇಟೆಯಲ್ಲಿ ನಾವಿದ್ದ ಓಣಿಯ ಒಂದು ಜಾಗದಲ್ಲಿ ಎತ್ತಿನ ಗಾಡಿ ಹಾಯ್ದರೆ ಚಕ್ರದ ಸದ್ದು ಬದಲಾಗುತ್ತಿತ್ತು. ಏಳೆಂಟು ಹೆಜ್ಜೆಯಷ್ಟು ದೂರ ನೆಲ ಟೊಳ್ಳಾಗಿ ಮಾರ್ದನಿ ಕೊಡುತ್ತಿತ್ತು. ಆಮೇಲೆ ಮತ್ತೆ ಮೊದಲಿನ ಸದ್ದು. ಅದರ ಕೆಳಗೆ ಹಗೇವು ಇದೆ ಎಂದು ಅಪ್ಪ ಹೇಳಿದ್ದರು. ಜೋಳ ತುಂಬಿಡಲು ಹಿಂದಿನವರು ನೆಲದೊಳಗೆ ತೋಡಿದ ಕಣಜ ಅದು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಒಂದು ಕೋಣೆಯಷ್ಟು. ನಾನು ಶಾಲೆಗೆ ಹೋಗುವ ಹೊತ್ತಿಗೆ ಪೇಟೆಯ ಹಗೇವುಗಳೆಲ್ಲ ಬರಿದಾಗಿದ್ದವು. ಆಗ ಊರು ನಡೆಯುತ್ತಿದ್ದದ್ದು ಹತ್ತಿಯಿಂದ. ಗಿರಣಿಯ ಕೂಗಿಗೆ ಜನ ಏಳುತ್ತಿದ್ದರು, ಉಣ್ಣುತ್ತಿದ್ದರು. ಚರಂಡಿಯ ನೀರಿನ ಮೇಲೂ ಹತ್ತಿಯ ಎಳೆ ತೇಲುತ್ತಿತ್ತು. ಅಪ್ಪ ಹತ್ತಿ ವ್ಯಾಪಾರದ ಒಂದು ಅಡತಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಸಂಜೆ ಮನೆಗೆ ಬಂದಾಗ ಅವರ ಹುಬ್ಬು ಬೆಳ್ಳಗಿರುತ್ತಿತ್ತು.

ತುಂಬಿದ ಹಗೇವು ನಾನು ಕಂಡದ್ದು ಅಜ್ಜಿಯ ಮನೆಯಲ್ಲಿ, ಕೊಕ್ಕನೂರಿನಲ್ಲಿ. ರಜೆ ಬಂತೆಂದರೆ ಅಪ್ಪ ನನ್ನನ್ನು ಅಲ್ಲಿ ಬಿಟ್ಟು ಬರುತ್ತಿದ್ದರು. ಹರಿಹರದವರೆಗೆ ರೈಲು, ಅಲ್ಲಿಂದ ಮಲೆಬೆನ್ನೂರಿನ ಕಡೆಯ ಬಸ್ಸು, ಕೊನೆಗೆ ನಡಿಗೆ. ಹರಿಹರದಲ್ಲಿ ಬಸ್ಸಿಗೆ ಕಾಯುವಾಗ ಅಪ್ಪ ಪ್ರತಿ ಸಲವೂ, ಹೊಳೆಯ ಆಚೆ ದಡ ಮೊನ್ನೆಮೊನ್ನೆಯವರೆಗೆ ಬೇರೆ ರಾಜ್ಯವಾಗಿತ್ತು ಎನ್ನುತ್ತಿದ್ದರು. ನನಗೆ ಎರಡೂ ದಡದಲ್ಲಿ ಬಟ್ಟೆ ಒಗೆಯುವವರು ಒಂದೇ ತರಹ ಕಾಣುತ್ತಿದ್ದರು.

ಅಜ್ಜಿ ಅಪ್ಪನ ತಾಯಿ. ಅಜ್ಜ ತೀರಿಕೊಂಡ ಮೇಲೆ ಮನೆಯ ಹೊಲ ನೋಡುತ್ತಿದ್ದವರು ಚಿಕ್ಕಪ್ಪ. ಆದರೆ ಹಗೇವಿನ ವಿಷಯದಲ್ಲಿ ಕೊನೆಯ ಮಾತು ಅಜ್ಜಿಯದೇ. ಅಂಗಳದಲ್ಲಿ ಬಾವಿಯಿಂದ ಹದಿನೈದು ಹೆಜ್ಜೆ ದೂರದಲ್ಲಿ ಅದರ ಬಾಯಿ ಇತ್ತು. ಮೇಲೆ ಕಲ್ಲಿನ ಚಪ್ಪಡಿ, ಸುತ್ತ ಮೆತ್ತಿದ ಕೆಸರು. ಅಜ್ಜ ತನ್ನ ಕೊನೆಯ ಸುಗ್ಗಿಯಲ್ಲಿ ತುಂಬಿಸಿದ ಜೋಳ ಅದರಲ್ಲಿತ್ತು. ಒಮ್ಮೆ ಬಾಯಿ ತೆರೆದರೆ ಕಾಳಿಗೆ ಗಾಳಿ ತಗುಲಿ ಹುಳ ಬೀಳುತ್ತದೆ, ಪೂರ್ತಿ ಹೊರಗೆ ತೆಗೆಯಲೇಬೇಕು. ಆದ್ದರಿಂದ ಸುಮ್ಮನೆ ತೆರೆದು ನೋಡುವ ಹಾಗಿರಲಿಲ್ಲ. ಅಜ್ಜಿ ಬೆಳಿಗ್ಗೆ ಅಂಗಳ ಸಾರಿಸುವಾಗ ಚಪ್ಪಡಿಯ ಸುತ್ತ ಬಿರುಕು ಬಿಟ್ಟಿದೆಯೇ ಎಂದು ಬೆರಳಿನಿಂದ ತಡವಿ ನೋಡುತ್ತಿದ್ದಳು.

ಅವಳಿಗೆ ಆ ಜೋಳ ಯಾಕೆ ಅಷ್ಟು ಬೇಕಾಗಿತ್ತು ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಎತ್ತಿ ಆಡುತ್ತಿರಲಿಲ್ಲ. ಅಪ್ಪ ಹುಟ್ಟುವ ಮೊದಲು, ಮಳೆ ಇಲ್ಲದ ಒಂದು ವರ್ಷ, ಅವಳ ಮೊದಲ ಮಗಳು ಹಸಿವಿನಲ್ಲಿ ಸತ್ತಿದ್ದಳು. ಆ ವರ್ಷ ಹಗೇವು ಖಾಲಿ ಇತ್ತು. ಮುಂದೆ ಎಂದೂ ಅದನ್ನು ಖಾಲಿ ಬಿಡುವುದಿಲ್ಲ ಎಂದು ಅಜ್ಜ ಮಾತು ಕೊಟ್ಟಿದ್ದನಂತೆ. ಈಗ ಆ ಮಾತನ್ನು ಉಳಿಸಿಕೊಂಡು ಬರುತ್ತಿದ್ದವಳು ಅಜ್ಜಿ.

ಭದ್ರಾ ಕಾಲುವೆ ಬಂದದ್ದು ನಾನು ಮಾಧ್ಯಮಿಕ ಶಾಲೆಯಲ್ಲಿದ್ದಾಗ. ಊರವರು ಅದನ್ನು ಚಾನಲ್ಲು ಎನ್ನುತ್ತಿದ್ದರು. ಜೋಳದ ಹೊಲಗಳು ಒಂದೊಂದಾಗಿ ಗದ್ದೆಗಳಾದವು. ಮನೆಗಳಲ್ಲಿ ದಿನವೂ ಅನ್ನ ಬೇಯತೊಡಗಿತು. ಚಿಕ್ಕಪ್ಪನೂ ಎಲ್ಲ ಹೊಲಕ್ಕೂ ಭತ್ತ ಹಚ್ಚಿದರು. ಅಜ್ಜಿ ಒಂದು ಹೊಲವನ್ನಾದರೂ ಜೋಳಕ್ಕೆ ಬಿಡು ಎಂದಾಗ, ಹಗೇವು ತುಂಬಿರುವಾಗ ಮತ್ತೆ ಯಾಕೆ ಎಂದರು. ಅವಳು ಒಪ್ಪಿದಳು. ಹಾಗಾಗಿ ಆ ಹಗೇವು ಮತ್ತು ಅಜ್ಜಿಯ ರೊಟ್ಟಿಗೆಂದು ಹಿಂದಿನ ಸುಗ್ಗಿಯಿಂದ ಎತ್ತಿಟ್ಟಿದ್ದ ಕೆಲವು ಚೀಲ ಬಿಟ್ಟರೆ ಮನೆಯಲ್ಲಿ ಬೇರೆ ಜೋಳ ಉಳಿಯಲಿಲ್ಲ.

ಎಲ್ಲರಿಗೂ ಸಂತೋಷ ಕೊಟ್ಟದ್ದು ಬಾವಿ. ನನಗೆ ಎಣಿಸುವ ಚಟವಿತ್ತು. ಮೊದಲು ಒಂದು ಕೊಡ ನೀರಿಗೆ ಹಗ್ಗವನ್ನು ಹತ್ತೊಂಬತ್ತು ಸಲ ಎಳೆಯಬೇಕಿತ್ತು. ಕಾಲುವೆ ಹರಿದ ಮೊದಲ ವರ್ಷ ಹದಿನಾಲ್ಕು. ಮರುವರ್ಷದ ಬೇಸಿಗೆಯಲ್ಲಿ, ಮಳೆ ಬೀಳುವ ಮೊದಲೇ, ಒಂಬತ್ತು. ಚಿಕ್ಕಮ್ಮ ತನ್ನ ಭುಜದ ನೋವು ಹೋಯಿತು ಎಂದು ನಗುತ್ತಿದ್ದಳು.

ಆ ವರ್ಷದ ದಸರಾ ರಜೆಯಲ್ಲಿ ಹಗೇವಿಗೆ ಇಳಿಯುವ ಮುದುಕ ಮನೆಗೆ ಬಂದ. ಸುತ್ತಿನ ಊರುಗಳ ಹಗೇವುಗಳನ್ನು ತೋಡಿದವನು, ತೆಗೆಯುವವನು ಅವನೇ. ಬಾವಿಯಲ್ಲಿ ಇಣುಕಿ ನೋಡಿ, ಬಂದು ಮನೆಯ ಮುಂದಿನ ಕಟ್ಟೆಯ ಕೆಳಗೆ ಕೂತ.

“ಅಮ್ಮಾರೆ, ಈ ವರ್ಷ ಹಗೇವು ತೆಗೆಸ್ರಿ. ಬಾವ್ಯಾಗ ನೀರು ಏರೈತೆ.”

“ಏರಿದ್ರೆ ಒಳ್ಳೇದಾತಲ್ಲೋ. ನಿನಗ್ಯಾಕ ಹೊಟ್ಟೆಕಿಚ್ಚು?” ಎಂದಳು ಅಜ್ಜಿ.

“ನನಗೇನ್ರಿ ಕಿಚ್ಚು. ಇದು ಬಾವಿ, ಇದು ಹಗೇವು ಅಂತ ನೀರಿಗೆ ಗೊತ್ತಾಗ್ತೈತೇನ್ರಿ? ನೆಲದ ಒಳಗ ಗೋಡೆ ಇಲ್ರಿ.”

“ಇದನ್ನ ಹೇಳಿಕೊಟ್ಟು ಕಳಿಸಿದೋರು ಯಾರು?” ಎಂದು ಅಜ್ಜಿ ಚಿಕ್ಕಪ್ಪನ ಕಡೆ ತಿರುಗಿದಳು.

ಚಿಕ್ಕಪ್ಪ ಎಲೆ ಅಡಿಕೆ ಉಗುಳಿ ಬಂದರು. “ನನ್ನ ಯಾಕ ನೋಡ್ತಿ? ನಾ ಏನೂ ಹೇಳಿಕೊಟ್ಟಿಲ್ಲ. ಆದ್ರೂ ತೆಗಿ ಅಂತೀನಿ. ಊರೆಲ್ಲ ಅನ್ನ ಉಣ್ಣಾಕತ್ತೈತೆ, ನೀನು ಹಾವು ಕುಂತಂಗೆ ಜೋಳದ ಮ್ಯಾಲೆ ಕುಂತೀಯ.”

“ಅನ್ನ ಜ್ವರ ಬಂದೋರಿಗೆ. ನನಗೇನಾಗೈತೆ?”

“ಆಗ್ತೈತೆ ಬಿಡು, ಹಿಂಗೇ ಕುಂತ್ರೆ.”

ಮುದುಕ ಟವೆಲು ಕೊಡವಿ ಎದ್ದ. “ನೀವು ತಾಯಿ ಮಗ ಜಗಳ ಮುಗಿಸ್ರಿ. ಅಷ್ಟೊತ್ತಿಗೆ ನನಗೆ ಇಳಿಯೋ ಶಕ್ತಿ ಇದ್ರೆ ಬರ್ತೀನಿ.”

ಹಗೇವು ತೆಗೆದರೆ ಮಗ ಜೋಳವನ್ನೆಲ್ಲ ಮಾರುತ್ತಾನೆ ಎಂಬುದು ಅಜ್ಜಿಯ ಅನುಮಾನ. ಅದು ಸುಳ್ಳೂ ಅಲ್ಲ. ಹಾಗಾಗಿ ಮುದುಕನ ಮಾತು ಅವಳಿಗೆ ಮಗನ ಮಾತಿನಂತೆಯೇ ಕೇಳಿಸಿತು. ಮನೆಯಲ್ಲಿ ಯಾರ ಪಕ್ಷವೂ ಅಲ್ಲದವಳು ನಾನೊಬ್ಬಳು. ಓದು ಬರುವವಳೂ ನಾನೇ. ಅಪ್ಪನ ಕಾಗದ, ಪಂಚಾಂಗ, ಔಷಧಿಯ ಸೀಸೆಯ ಚೀಟಿ, ಎಲ್ಲವನ್ನೂ ರಜೆಯಲ್ಲಿ ನಾನಿದ್ದಾಗ ಅಜ್ಜಿ ನನ್ನಿಂದಲೇ ಓದಿಸುತ್ತಿದ್ದಳು. ಓದಿ ಮುಗಿಸಿದ ಮೇಲೆ, “ಅಷ್ಟೇನಾ?” ಎನ್ನುತ್ತಿದ್ದಳು. ಅವಳು ಇನ್ನಾರ ಮಾತನ್ನೂ ಹಾಗೆ ಕೊನೆಯವರೆಗೆ ಕೇಳುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ನನ್ನ ತಲೆಗೆ ಎಣ್ಣೆ ಹಚ್ಚುತ್ತಾ ಕೇಳಿದಳು: “ತಂಗೀ, ನೀನು ಓದಾಕಿ. ಚಾನಲ್ಲಿನ ನೀರು ನೆಲದಾಗ ಇಲ್ಲೀತನ ಬರ್ತೈತಾ?”

“ಇಲ್ಲಜ್ಜಿ. ಚಾನಲ್ಲಿಗೆ ಕಲ್ಲು ಹಾಸ್ಯಾರೆ, ಗಾರೆ ಮೆತ್ಯಾರೆ. ಶಾಲಿಯಿಂದ ಕರ್ಕೊಂಡು ಹೋಗಿ ತೋರ್ಸಿದ್ರು. ನೀರು ಹೊರಗ ಬರಂಗಿಲ್ಲ.”

“ಮತ್ತೆ ಬಾವಿ ಏರೈತಲ್ಲ?”

“ಮಳೆ ಆಗೈತಲ್ಲ.”

ಅವಳ ಕೈ ನಿಂತಿತು. “ಇದು ನಿನ್ನ ಪುಸ್ತಕದಾಗ ಐತಾ?”

“ಐತೆ” ಎಂದೆ.

ಇರಲಿಲ್ಲ. ಶಾಲೆಯಿಂದ ನಾವು ನೋಡಿದ್ದು ಒಂದು ಸೇತುವೆಯ ಹತ್ತಿರದ ನೂರು ಮಾರು ಕಾಲುವೆ. ಉಳಿದದ್ದು ಹೇಗಿದೆ ಎಂದು ನಾನು ನೋಡಿರಲಿಲ್ಲ, ಕೇಳಿರಲಿಲ್ಲ. ಮಳೆಗೆ ಮೊದಲೇ ಬಾವಿಯ ಹಗ್ಗ ಒಂಬತ್ತಕ್ಕೆ ಇಳಿದದ್ದು ನನಗೆ ಮಾತ್ರ ಗೊತ್ತಿದ್ದ ಲೆಕ್ಕ. ಅದನ್ನು ಹೇಳಲಿಲ್ಲ. ಆ ಉತ್ತರ ಯಾಕೆ ಕೊಟ್ಟೆ ಎಂದು ಆಮೇಲೆ ಬಹಳ ಸಲ ಯೋಚಿಸಿದ್ದೇನೆ. ಅಜ್ಜಿಯನ್ನು ಸಮಾಧಾನ ಮಾಡಬೇಕೆಂದಿರಲಿಲ್ಲ. ಚಿಕ್ಕಪ್ಪನ ಮೇಲೆ ಸಿಟ್ಟೂ ಇರಲಿಲ್ಲ. ಅವಳು ಕೇಳಿದಳು, ನನಗೆ ಗೊತ್ತಿಲ್ಲ ಎನ್ನಲು ಮನಸ್ಸಾಗಲಿಲ್ಲ. ಹನ್ನೆರಡು ವರ್ಷದವಳಿಗೆ ಅಷ್ಟೇ ಸಾಕಾಯಿತು.

ಅಂದು ಮಧ್ಯಾಹ್ನ ಊಟದ ಹೊತ್ತಿಗೆ ಅಜ್ಜಿ ಚಿಕ್ಕಪ್ಪನಿಗೆ ಹೇಳಿದಳು, “ಹಗೇವು ತೆಗೆಯೋದು ಬ್ಯಾಡ. ಪುಸ್ತಕದಾಗ ಬರ್ದೈತಂತೆ, ನೀರು ಬರಂಗಿಲ್ಲಂತೆ.” ಚಿಕ್ಕಪ್ಪ ನನ್ನನ್ನು ನೋಡಿ, “ಪುಸ್ತಕ ಬರ್ದೋರು ಕೊಕ್ಕನೂರಿಗೆ ಯಾವಾಗ ಬಂದಿದ್ರಮ್ಮಾ?” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮುಂದಿನ ಬೇಸಿಗೆಯಲ್ಲಿ ನಾನು ಹೋದಾಗ ಅಂಗಳದಲ್ಲಿ ಹುಳಿ ವಾಸನೆ ಇತ್ತು. ಚಿಕ್ಕಮ್ಮ ಅದನ್ನು ಮೊದಲು ಕಲಗಚ್ಚಿನ ವಾಸನೆ ಎಂದುಕೊಂಡಿದ್ದಳಂತೆ. ಬಾನಿ ತೊಳೆದು ಬಿಸಿಲಿಗಿಟ್ಟರೂ ಅದು ಹೋಗಲಿಲ್ಲ. ಚಪ್ಪಡಿಯ ಒಂದು ಮಗ್ಗುಲು ಎರಡು ಬೆರಳಷ್ಟು ಕುಸಿದಿತ್ತು. ಅಜ್ಜಿ ಯಾರನ್ನೂ ಕೇಳದೆ ತಾನೇ ಹೋಗಿ ಮುದುಕನನ್ನು ಕರೆತಂದಳು.

ಚಪ್ಪಡಿ ಸರಿಸಿ, ಒಳಗಿನ ಕೆಟ್ಟ ಗಾಳಿ ಹೋಗಲೆಂದು ಒಂದು ದಿನ ಬಿಟ್ಟರು. ಮರುದಿನ ಮುದುಕ ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಸಿದ. ಆರಿತು. ಇನ್ನೂ ಒಂದು ದಿನ ಕಾದರು. ಮೂರನೆಯ ದಿನ ದೀಪ ಉರಿಯಿತು, ಮುದುಕ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ. ಮೊದಲ ಬುಟ್ಟಿಯಲ್ಲಿ ಮೇಲೆ ಮುಚ್ಚಿದ್ದ ಹೊಟ್ಟು ಬಂತು. ಎರಡನೆಯದರಲ್ಲಿ ಬಂದದ್ದು ಕಪ್ಪು ಹೆಂಟೆಗಳು. ಕಾಳು ಮೊಳೆತು, ಒಂದಕ್ಕೊಂದು ಅಂಟಿ, ಕೊಳೆತಿತ್ತು. ತಳ ಮುಟ್ಟುವ ಹೊತ್ತಿಗೆ ಕೆಳಗಿನಿಂದ ಮುದುಕನ ಧ್ವನಿ ಬಂತು: “ಮೊಣಕಾಲುದ್ದ ನೀರು ಐತ್ರಿ.”

ನೋಡಲು ನೆರೆದಿದ್ದವರಲ್ಲಿ ಒಬ್ಬ, “ಮುದುಕಮ್ಮ ಒಳಗ ಹೆಂಡ ಇಳಿಸ್ಯಾಳಲ್ರಪ್ಪೋ” ಎಂದ. ಒಬ್ಬಿಬ್ಬರು ನಕ್ಕರು. ಎತ್ತಿಗೆ ಹಾಕಿದರೆ ಮೂಸಿ ಮುಖ ತಿರುಗಿಸಿತು. ಸಂಜೆಯವರೆಗೆ ಗಾಡಿಯಲ್ಲಿ ಹೇರಿ ತಿಪ್ಪೆಗೆ ಸುರಿದರು.

ಅಜ್ಜಿ ಒಂದು ಹೆಂಟೆ ಒಡೆದು, ಮಧ್ಯದಲ್ಲಿ ಬಿಳಿ ಕಾಳು ಉಳಿದಿದೆಯೇ ಎಂದು ನೋಡಿದಳು. ಇನ್ನೊಂದು ಒಡೆದಳು. ಆಮೇಲೆ ಕೈ ತೊಳೆದುಕೊಂಡು ಕಟ್ಟೆಯ ಮೇಲೆ ಕೂತಳು. ಪಕ್ಕದ ಮನೆಯಾಕೆ ಕೇಳಿದಳು, “ಹೋದ ವರ್ಷನೇ ಅವನು ಹೇಳಿದ್ನಂತಲ್ಲ ಅಮ್ಮಾ, ಯಾಕ ಕೇಳ್ಲಿಲ್ಲ?”

“ನನ್ನ ಬುದ್ಧಿ ಕೆಟ್ಟಿತ್ತವ್ವ” ಎಂದಳು ಅಜ್ಜಿ.

ಅವಳು ಆಗ ನನ್ನ ಕಡೆ ನೋಡಿದಳೋ ಇಲ್ಲವೋ ಗೊತ್ತಿಲ್ಲ. ನಾನು ಬಾಗಿಲ ಹಿಂದೆ ಇದ್ದೆ. ಚಿಕ್ಕಪ್ಪ ಪುಸ್ತಕದ ಮಾತು ಎತ್ತಬಹುದು ಎಂದು ರಾತ್ರಿ ಊಟದವರೆಗೆ ಕಾದೆ. ಅವರು ಎತ್ತಲಿಲ್ಲ. ಮರುವಾರ ಹಗೇವಿಗೆ ಕಲ್ಲು ಮಣ್ಣು ತುಂಬಿಸಿ ಮುಚ್ಚಿಸಿದರು.

ಆಮೇಲೆ ಅವಳಿಗಾಗಿ ಮಲೆಬೆನ್ನೂರಿನ ಸಂತೆಯಿಂದ ಜೋಳ ಬರತೊಡಗಿತು. ಅಜ್ಜಿ ಅದನ್ನು ಬೀಸಿ ರೊಟ್ಟಿ ಬಡಿದು, ಅರ್ಧ ತಿಂದು, ಅರ್ಧವನ್ನು ಬಟ್ಟೆಯಲ್ಲಿ ಸುತ್ತಿ ಇಡುತ್ತಿದ್ದಳು. ಬುಟ್ಟಿಯಲ್ಲಿ, ಪೆಟ್ಟಿಗೆಯಲ್ಲಿ, ಕೊನೆಕೊನೆಗೆ ತಲೆದಿಂಬಿನ ಕೆಳಗೆ. ಇರುವೆ ಹತ್ತುತ್ತಿದ್ದವು. “ಮನೆ ತುಂಬ ಭತ್ತ ಬಿದ್ದೈತೆ, ಹಿಂಗ್ಯಾಕ ಮಾಡ್ತೀರಿ ಅತ್ತೆ?” ಎಂದು ಚಿಕ್ಕಮ್ಮ ಕೇಳಿದರೆ, “ಇರ್ಲಿ ಬಿಡು, ಬೇಕಾಗ್ತೈತೆ” ಎನ್ನುತ್ತಿದ್ದಳು. ವರ್ಷದೊಳಗೆ, ಕೈಯ ಬೆಳ್ಳಿ ಕಡಗ ಮೊಣಕೈಯವರೆಗೆ ಸರಿದಾಡುವಷ್ಟು ಅವಳು ಸಣ್ಣಗಾದಳು.

ನನ್ನನ್ನು ಅವಳು ಬೈಯಲಿಲ್ಲ. ತಲೆಗೆ ಎಣ್ಣೆ ಹಚ್ಚಿದಳು, ಮೊದಲಿನಂತೆ ಹೆಸರುಬೇಳೆ ಪಾಯಸ ಮಾಡಿದಳು. ಬದಲಾದದ್ದು ಒಂದೇ, ಅದನ್ನು ಗುರುತಿಸಲು ನನಗೆ ಎರಡು ರಜೆ ಹಿಡಿಯಿತು. ಅಪ್ಪನ ಕಾಗದ ಬಂದರೆ ಪೋಸ್ಟಿನವನನ್ನು ನಿಲ್ಲಿಸಿ ಅವನಿಂದಲೇ ಓದಿಸುತ್ತಿದ್ದಳು. ಅಮಾವಾಸ್ಯೆ ಯಾವಾಗ ಎಂಬುದನ್ನು ಗುಡಿಯ ಅಯ್ಯನವರ ಹತ್ತಿರ ಹೋಗಿ ಕೇಳಿ ಬರುತ್ತಿದ್ದಳು. ನಾನು ಮನೆಯಲ್ಲೇ ಇರುತ್ತಿದ್ದೆ.

ಕಾಲೇಜಿನಲ್ಲಿ ಭೂವಿಜ್ಞಾನ ತೆಗೆದುಕೊಂಡೆ. ಎರಡನೆಯ ವರ್ಷದ ಪುಸ್ತಕದಲ್ಲಿ ನೆಲದೊಳಗಿನ ನೀರಿನ ಒಂದು ಚಿತ್ರವಿತ್ತು. ಕಾಲುವೆ, ಗದ್ದೆ, ಬಾವಿ, ಇವೆಲ್ಲವನ್ನೂ ಹಾದುಹೋಗುವ ಒಂದು ಚುಕ್ಕೆಗೆರೆ. ಮೇಷ್ಟರು ಅರ್ಧ ತಾಸಿನಲ್ಲಿ ವಿವರಿಸಿದ್ದನ್ನು ಮುದುಕ ಕಟ್ಟೆಯ ಕೆಳಗೆ ಕೂತು ಎರಡು ಮಾತಿನಲ್ಲಿ ಹೇಳಿದ್ದ.

ಅದೇ ವರ್ಷ ಅಜ್ಜಿಯನ್ನು ಮಂಜಾಗಿದ್ದ ಕಣ್ಣು ತೋರಿಸಲು ದಾವಣಗೆರೆಗೆ ಕರೆತಂದರು. ಅಪ್ಪ ಅವಳನ್ನು ಆಸ್ಪತ್ರೆಯಿಂದ ಮನೆಗೆ ಬಿಟ್ಟು ಅಂಗಡಿಗೆ ಹೋದರು. ಅವ್ವ ಹಿತ್ತಲಲ್ಲಿದ್ದಳು. ನಾವಿಬ್ಬರೇ ನಡುಮನೆಯಲ್ಲಿ ಕೂತಿದ್ದೆವು. ಹೇಳಬೇಕೆಂದು ನಾನು ಎರಡು ದಿನದಿಂದ ಮಾತು ಹೊಂದಿಸಿಕೊಂಡಿದ್ದೆ. ಬಾಯಿಗೆ ಬಂದದ್ದು ಒಂದೇ ಸಾಲು.

“ಅಜ್ಜೀ, ಅವತ್ತು ಪುಸ್ತಕದಾಗ ಐತೆ ಅಂದೆನಲ್ಲ, ಇರಲಿಲ್ಲ.”

ಅವಳು ಧ್ವನಿ ಬಂದ ಕಡೆಗೆ ಮುಖ ತಿರುಗಿಸಿದಳು. ಯಾವ ದಿನ, ಯಾವ ಪುಸ್ತಕ ಎಂದು ಕೇಳಲಿಲ್ಲ.

“ಗೊತ್ತೈತೆ ತಂಗಿ. ಹಗೇವು ತೆಗೆದ ದಿನಾನೇ ಗೊತ್ತಾತು. ಕೂಸು ನೀನು. ಕೂಸಿನ್ನ ಕೇಳಿದ್ದು ನಾನು.”

ಅಷ್ಟು ಹೇಳಿ ನನ್ನ ಮೊಣಕಾಲು ಹುಡುಕಿ ಎರಡು ಸಲ ತಟ್ಟಿದಳು. ನನಗೆ ಅಳು ಬರಬೇಕಾಗಿತ್ತು, ಬರಲಿಲ್ಲ. ಅವಳ ಇನ್ನೊಂದು ಕೈಯಲ್ಲಿ ಡಾಕ್ಟರು ಬರೆದುಕೊಟ್ಟ ಚೀಟಿ ಇತ್ತು. ಹನಿ ಔಷಧಿಯನ್ನು ದಿನಕ್ಕೆ ಎಷ್ಟು ಸಲ ಹಾಕಬೇಕೆಂದು ಅದರಲ್ಲಿ ಬರೆದಿತ್ತು, ಮಧ್ಯಾಹ್ನದ ಹೊತ್ತು ಆಗಲೇ ಆಗಿತ್ತು. ಓದಿ ಹೇಳುತ್ತೇನೆ ಕೊಡು ಎಂದು ಕೈ ಚಾಚಿದೆ.

ಅವಳು ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಸೊಂಟದ ಚೀಲಕ್ಕೆ ಸೇರಿಸಿದಳು. “ನಿಮ್ಮಪ್ಪ ಬರ್ಲಿ” ಎಂದಳು.

ಅಪ್ಪ ಬರುವುದಕ್ಕೆ ಇನ್ನೂ ಮೂರು ತಾಸು ಇತ್ತು. ಅವಳ ಕಣ್ಣಿನಿಂದ ನೀರು ಸೋರುತ್ತಿತ್ತು. ಅವಳು ಸೆರಗಿನಿಂದ ಒರೆಸಿಕೊಳ್ಳುತ್ತಾ ಬಾಗಿಲ ಕಡೆ ಮುಖ ಮಾಡಿ ಕೂತಳು. ನಾನು ಎದುರಿಗೆ ಕೂತು ಕಾದೆ.