ಕಾರಿನೊಳಗೆ ಉಳಿದ ನಲವತ್ತೊಂದು ಹಾಡು

ಕ್ಯಾಬ್ ಓಡಿಸುವವರ ಗುಂಪಿನಲ್ಲಿ ಅವನ ಹೆಸರು ‘ಹತ್ತು ನಿಮಿಷ’. ಎಲ್ಲೇ ಸಿಕ್ಕಿಹಾಕಿಕೊಂಡಿರಲಿ, ಫೋನ್ ಎತ್ತಿದವನೇ “ಹತ್ತು ನಿಮಿಷ ಸಾರ್, ಬಂದ್ಬಿಟ್ಟೆ” ಅನ್ನುವುದು ಅವನ ಅಭ್ಯಾಸ. ಹದಿನಾರು ವರ್ಷದಿಂದ ಕಚೇರಿಯ ಜನರನ್ನು ಮನೆಯಿಂದ ಕಚೇರಿಗೆ, ಕಚೇರಿಯಿಂದ ಮನೆಗೆ ಸಾಗಿಸಿ ಸೊಂಟ ಸವೆಸಿಕೊಂಡವನು. ಈಚೆಗೆ ಎಂಟು ತಿಂಗಳಿಂದ ರಾತ್ರಿ ಪಾಳಿ ಮುಗಿಸಿ, ಮುಖಕ್ಕೆ ನೀರು ಚಿಮುಕಿಸಿಕೊಂಡು, ಬೆಳಗಿನ ಪಾಳಿಗೂ ಅದೇ ಸೀಟಿನಲ್ಲಿ ಕೂರುತ್ತಿದ್ದ. ಯಾಕಯ್ಯಾ ಎಂದು ಕೇಳಿದವರಿಗೆ “ಮನೇಲಿ ಕೂತು ಏನ್ಮಾಡ್ಲಿ?” ಎಂದು ಹಲ್ಲು ಕಿರಿಯುತ್ತಿದ್ದ. ನಿಜ ಬೇರೆ. ಎಂಟು ತಿಂಗಳ ಹಿಂದೆ ಅವನ ಅಣ್ಣನಿಗೆ ಗಂಟಲಿನ ಆಪರೇಷನ್ ಆಗಿತ್ತು. ಅಣ್ಣನ ಟೈಲರ್ ಅಂಗಡಿ ತೆರೆದರೆ ತೆರೆದೀತು, ಇಲ್ಲದಿದ್ದರೆ ಇಲ್ಲ ಎಂಬಂತಾಗಿ, ಎರಡು ಮನೆಯ ಭಾರ ಇವನೊಬ್ಬನ ಹೆಗಲಿಗೆ ಬಿದ್ದಿತ್ತು. ಎರಡನೇ ಪಾಳಿಯ ವಿಷಯ ಅಣ್ಣನ ಕಿವಿಗೆ ಮಾತ್ರ ಹಾಕಿರಲಿಲ್ಲ.

ಅಣ್ಣ ಹಾಡುಗಾರ. ವೇದಿಕೆ ಹತ್ತಿದವನಲ್ಲ, ಹೊಲಿಗೆ ಮೆಷಿನ್ ತುಳಿಯುತ್ತಲೇ ತಾನೇ ಪದ ಕಟ್ಟಿ, ತಾನೇ ರಾಗ ಹಾಕಿ ಹಾಡುವವನು. ಪ್ಯಾಂಟು ತಡವಾಯಿತೆಂದು ಜಗಳಕ್ಕೆ ಬಂದ ಗಿರಾಕಿಗಳು ಹಾಡು ಕೇಳುತ್ತ ನಿಂತು, ಬಂದ ಕೆಲಸವನ್ನೇ ಮರೆತು ವಾಪಸ್ ಹೋದದ್ದುಂಟು. ಒಂದು ವರ್ಷ ಹುಮ್ಮಸ್ಸು ಬಂದು ನಲವತ್ತೊಂದು ಹಾಡನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಪೆನ್‌ಡ್ರೈವಿಗೆ ಹಾಕಿಸಿ, “ದಾರೀಲಿ ಕೇಳ್ಕೊಳೋ” ಎಂದು ತಮ್ಮನ ಕೈಗೆ ಕೊಟ್ಟಿದ್ದ. ಆ ಫೋನು ಆಮೇಲೆ ಕೆಟ್ಟು ಗುಜರಿ ಸೇರಿತು. ಆಪರೇಷನ್ನಿನಲ್ಲಿ ಅಣ್ಣನ ಜೀವ ಉಳಿಯಿತು, ದನಿ ಉಳಿಯಲಿಲ್ಲ. ಹೋದ ವಾರ ಅವನಿಂದ ಮೆಸೇಜ್ ಬಂದಿತ್ತು: “ಆ ಪೆನ್‌ಡ್ರೈವ್ ತಂದ್ಕೊಡು. ನನ್ನ ದನಿ ಹೇಗಿತ್ತು ಅಂತ ಒಂದ್ಸಲ ಕೇಳ್ಬೇಕು.”

ಪೆನ್‌ಡ್ರೈವ್ ಇತ್ತು, ಅದರಲ್ಲಿ ಹಾಡಿರಲಿಲ್ಲ. ಕ್ಯಾಬಿನವರಲ್ಲಿ ಒಂದು ರೂಢಿ. ಪೆನ್‌ಡ್ರೈವನ್ನು ಸಿಕ್ಕಿಸಿಯೇ ಬಿಟ್ಟರೆ ಮುಂದಿನ ಸೀಟಿನವರ ಮೊಣಕಾಲು ತಾಗಿ ಮುರಿಯುತ್ತದೆ, ಇಲ್ಲವೇ ಯಾರದೋ ಜೇಬು ಸೇರುತ್ತದೆ. ಅದಕ್ಕೇ ತಮಗೆ ಬೇಕಾದ ಹಾಡನ್ನೆಲ್ಲ ಕಾರಿನ ಸ್ಕ್ರೀನಿನ ಮೆಮೊರಿಗೆ ಇಳಿಸಿಕೊಂಡು, ಪೆನ್‌ಡ್ರೈವನ್ನು ಖಾಲಿ ಮಾಡಿ, ಪ್ಯಾಸೆಂಜರುಗಳು ಕೇಳುವ ಕುಣಿತದ ಹಾಡು ತುಂಬುತ್ತಾರೆ. ಇವನೂ ಹಾಗೇ ಮಾಡಿದ್ದ. ಹಾಡು ಕಾರಿನಲ್ಲಿದೆಯಲ್ಲ, ಎಲ್ಲಿಗೆ ಹೋಗುತ್ತದೆ ಎಂಬ ಧೈರ್ಯ. ಈಗ ಕಾರೇ ಹೊರಟು ನಿಂತಿತ್ತು. ಅದು ಬಾಡಿಗೆ ಕಂಪನಿಯ ಕಾರು, ಕರಾರು ಮುಗಿದಿತ್ತು, ಇವತ್ತು ಸಂಜೆ ಐದಕ್ಕೆ ಯಾರ್ಡಿನಲ್ಲಿ ಒಪ್ಪಿಸಬೇಕು. ರಾತ್ರಿ ಎಂಟಕ್ಕೆ ಬೇರೆ ಕಾರು ಸಿಗುವುದಿತ್ತು.

ಎರಡು ನಿಮಿಷದ ಕೆಲಸ ಎಂದುಕೊಂಡು ವಾರವೆಲ್ಲ ಮುಂದೂಡಿದ್ದ ಪುಣ್ಯಾತ್ಮ, ಕೊನೆಯ ದಿನ ಮಧ್ಯಾಹ್ನ ಕಾರ್ ಸ್ಟೀರಿಯೋ ಅಂಗಡಿಗೆ ಹೋದ. ಅಂಗಡಿಯವನು ಸ್ಕ್ರೀನಿನ ಮೆನುವನ್ನೆಲ್ಲ ಎರಡೆರಡು ಸಲ ಜಾಲಾಡಿ ಕೈಚೆಲ್ಲಿದ.

“ಒಳಗೆ ಹಾಕೋಕಾಗತ್ತೆ ಗುರೂ, ಹೊರಗೆ ತೆಗೆಯೋಕಾಗಲ್ಲ. ಈ ಮಾಡೆಲ್ಲೇ ಹಿಂಗೆ.”

“ಬಿಚ್ಚಿ ತೆಗೆಯೋಕಾಗಲ್ವಾ?”

“ಬಿಚ್ಚಿದ್ರೆ ಲಾಕ್ ಆಗತ್ತೆ. ಕಂಪನಿ ಗಾಡಿ, ನಿನ್ನ ತಲೆಗೇ ಬರತ್ತೆ. ಒಂದೇ ದಾರಿ, ಕಾರಲ್ಲಿ ಹಾಡು ಹಾಕು, ಪಕ್ಕದಲ್ಲಿ ಫೋನಿಟ್ಟು ರೆಕಾರ್ಡ್ ಮಾಡ್ಕೋ. ಒಟ್ಟು ಎಷ್ಟು ಹೊತ್ತಿನ ಹಾಡಿದೆ?”

“ಮೂರು ಗಂಟೆ ಚಿಲ್ಲರೆ.”

“ಮತ್ತೆ ಇಲ್ಲೇನ್ ನಿಂತಿದೀಯಾ? ಹೊರಡು!”

ಯಾರ್ಡಿಗೆ ಬಂದಾಗ ಒಂದೂ ಮುಕ್ಕಾಲು. ಮೇಲ್ವಿಚಾರಕ ಕಾರಿನ ಸುತ್ತ ಒಂದು ಸುತ್ತು ಬಂದು, ಗೀರುಗಳನ್ನು ಹಾಳೆಯಲ್ಲಿ ಗುರುತು ಹಾಕಿಕೊಂಡ. ಐದರವರೆಗೆ ಕಾರಿನಲ್ಲೇ ಕೂರುತ್ತೇನೆ ಎಂದಾಗ ವಿಚಿತ್ರವಾಗಿ ನೋಡಿದ. “ಕೂತ್ಕೋ. ಆದ್ರೆ ಐದು ಅಂದ್ರೆ ಐದು. ನಿನ್ನ ಹತ್ತು ನಿಮಿಷ ನನ್ನ ಹತ್ರ ನಡೆಯಲ್ಲ.”

ಸಾಲು ಕಾರುಗಳ ಹಿಂದೆ ಮೂಲೆಯಲ್ಲಿ ನಿಲ್ಲಿಸಿ, ಹೊರಗಿನ ಸದ್ದು ಬಾರದಂತೆ ಗಾಜು ಏರಿಸಿದ. ಎಸಿಯ ಗಾಳಿಯ ಸದ್ದೂ ಬೇಡವೆಂದು ಅದನ್ನೂ ಆರಿಸಿದ. ಯಾರೂ ಕರೆ ಮಾಡದಂತೆ ಫೋನನ್ನು ಫ್ಲೈಟ್ ಮೋಡಿಗೆ ಹಾಕಿ ಸ್ಪೀಕರಿನ ಹತ್ತಿರ ಇಟ್ಟ. ಮೊದಲನೇ ಹಾಡು ಒತ್ತಿದ.

ಮೊದಲು ಮೆಷಿನ್ನಿನ ಟಕಟಕ. ಅದರ ಮೇಲೆ ಅಣ್ಣನ ದನಿ. ಇಷ್ಟು ವರ್ಷ ಹಾರ್ನುಗಳ ನಡುವೆ, ಪ್ಯಾಸೆಂಜರುಗಳ ಫೋನ್ ಮಾತಿನ ನಡುವೆ ಅರ್ಧಂಬರ್ಧ ಕೇಳಿದ್ದ ಹಾಡು ಈಗ ಇಡಿಯಾಗಿ ಕೇಳಿತು. ಸಾಲಿನ ಕೊನೆಗೆ ಅಣ್ಣ ಉಸಿರು ಎಳೆದುಕೊಳ್ಳುವುದು, ಕತ್ತರಿ ಮೇಜಿನ ಮೇಲಿಡುವುದು, ಯಾರೋ ಗಿರಾಕಿ “ಇನ್ನೊಂದು ಹೇಳಿ” ಅನ್ನುವುದು, ಎಲ್ಲ ಅದರಲ್ಲಿತ್ತು. ಬಿಕ್ಕಿದರೆ ಅದೂ ರೆಕಾರ್ಡ್ ಆದೀತೆಂದು ಕರ್ಚೀಫನ್ನು ಬಾಯಿಗೆ ಒತ್ತಿಹಿಡಿದ. ಎರಡನೇ ಹಾಡು, ಮೂರನೇ ಹಾಡು. ಮುಚ್ಚಿದ ಕಾರು ಕಾಯತೊಡಗಿತು. ಬೆನ್ನು ಬೆವೆತು ಸೀಟಿಗೆ ಅಂಟಿತು, ಕಣ್ಣು ಎಳೆಯಿತು. ನಾಲ್ಕನೆಯದು ಮುಗಿಯುವಾಗ, ಒಂದೇ ಒಂದು ಹಾಡನ್ನು ಕಣ್ಣು ಮುಚ್ಚಿ ಕೇಳೋಣ ಎಂದುಕೊಂಡ. ನಿನ್ನೆ ಸಂಜೆಯಿಂದ ರೆಪ್ಪೆ ಮುಚ್ಚದವನು ತನಗೆ ತಾನೇ ಹೇಳಿಕೊಂಡ ಸುಳ್ಳು ಅದು.

ಗಾಜನ್ನು ಯಾರೋ ಬಡಿದರು. ಮೇಲ್ವಿಚಾರಕ. ಗಂಟೆ ಐದು. ಹಾಡುಗಳೆಲ್ಲ ಮುಗಿದು ಮತ್ತೆ ಮೊದಲಿನಿಂದ ಶುರುವಾಗಿದ್ದವು, ಫೋನು ಇನ್ನೂ ರೆಕಾರ್ಡ್ ಮಾಡುತ್ತಲೇ ಇತ್ತು. ಸದ್ಯ, ಎಲ್ಲ ಬಂತು ಎಂದು ಅವನ ಜೀವ ತಂಪಾಯಿತು. ಮೇಲ್ವಿಚಾರಕ ಪಕ್ಕದ ಸೀಟಿನಲ್ಲಿ ಕೂತು ಸ್ಕ್ರೀನ್ ಒತ್ತಿದ. ಎಲ್ಲವನ್ನೂ ಅಳಿಸಬೇಕೇ ಎಂದು ಸ್ಕ್ರೀನ್ ಕೇಳಿತು.

“ಅಳಿಸ್ಲಾ? ನಿಂದೇನಾದ್ರೂ ಇದೆಯಾ ಇದ್ರಲ್ಲಿ?”

“ಏನಿಲ್ಲ ಸಾರ್, ತಗೊಂಡೆ. ಅಳಿಸಿ.”

ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತು, ಫೋನಿನ ಫ್ಲೈಟ್ ಮೋಡ್ ತೆಗೆದು, ಇಯರ್‌ಫೋನ್ ಸಿಕ್ಕಿಸಿಕೊಂಡ. ನಾಲ್ಕು ಹಾಡು ಚೊಕ್ಕವಾಗಿದ್ದವು. ಐದನೆಯದರಲ್ಲಿ ಗರ್ ಎಂಬ ಸದ್ದು. ಲಾರಿ ಇರಬೇಕು ಅಂದುಕೊಂಡ. ಲಾರಿ ಹೋಗಲೇ ಇಲ್ಲ. ಮುಂದಕ್ಕೆ ಓಡಿಸಿ ನೋಡಿದರೆ, ಅಲ್ಲಿಂದಾಚೆ ಮೂವತ್ತೇಳು ಹಾಡಿಗೂ ಅವನ ಗೊರಕೆಯದೇ ಪಕ್ಕವಾದ್ಯ. ಕೆಲವು ಕಡೆ ಅಣ್ಣನ ದನಿ ಅದರಡಿ ಮುಳುಗಿಯೇ ಹೋಗಿತ್ತು. ಅವನಿಗೆ ತನ್ನ ಮೇಲೆ ತನಗೇ ಅಸಹ್ಯವಾಯಿತು.

ಅಣ್ಣ ಅಂಗಡಿಯಲ್ಲಿ ಒಬ್ಬನೇ ಇದ್ದ. ತಮ್ಮ ನಿಂತಲ್ಲೇ ಒಂದೂ ಬಿಡದೆ ಒಪ್ಪಿಸಿದ, ಪೆನ್‌ಡ್ರೈವ್ ಖಾಲಿ ಮಾಡಿದ್ದು, ಕಾರಿನಿಂದ ತೆಗೆಯಲಾಗದ್ದು, ನಿದ್ದೆ ಹೋದದ್ದು, ಅಳಿಸಿ ಎಂದು ತಾನೇ ಹೇಳಿದ್ದು. “ಹಾಳ್ಮಾಡ್ಬಿಟ್ಟೆ ಕಣಣ್ಣ. ಬೈದ್ಬಿಡು ಒಂದ್ಸಲ.” ಬೈಯಲು ಅಣ್ಣನಿಗೆ ದನಿಯಿಲ್ಲ ಎಂಬುದು ಹೇಳಿದಮೇಲೆ ಹೊಳೆದು ನಾಲಿಗೆ ಕಚ್ಚಿಕೊಂಡ.

ಅಣ್ಣ ಇಯರ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿದ. ಮೊದಲ ಹಾಡಿಗೆ ಅವನ ಪಾದ ತಾನಾಗಿ ಅಲ್ಲಾಡಿತು. ನಾಲ್ಕೂ ಹಾಡನ್ನು ಕಣ್ಣು ತೆರೆಯದೆ ಕೇಳಿದ. ಐದನೆಯದಕ್ಕೆ ಹುಬ್ಬು ಗಂಟಾಯಿತು. ಬೆರಳಿನಿಂದ ಮುಂದಕ್ಕೆ ಓಡಿಸಿ ಹತ್ತನೆಯದು ಕೇಳಿದ, ಇಪ್ಪತ್ತನೆಯದು, ಮೂವತ್ತನೆಯದು. ಇಯರ್‌ಫೋನ್ ತೆಗೆದಿಟ್ಟು ತಮ್ಮನ ಮುಖವನ್ನೇ ನೋಡಿದ. ಆಮೇಲೆ ಸೀಮೆಸುಣ್ಣದ ತುಂಡು ತೆಗೆದು, ಮೇಜಿನ ಮೇಲೆ ಹಾಸಿದ್ದ ಕಪ್ಪು ಬಟ್ಟೆಯ ಮೇಲೆ ಬರೆದ: “ಎಷ್ಟು ದಿನದಿಂದ ನಿದ್ದೆಯಿಲ್ಲ?”

“ಹಂಗೇನಿಲ್ಲ, ಸೆಕೆಗೆ ಸ್ವಲ್ಪ...”

ಅಣ್ಣ ಬರೆದದ್ದರ ಕೆಳಗೆ ಗೆರೆ ಎಳೆದ. ಮತ್ತೊಂದು ಎಳೆದ. ಸೀಮೆಸುಣ್ಣ ಮುರಿಯಿತು.

“ಎರಡು ಪಾಳಿ ಮಾಡ್ತಿದೀನಿ ಅಣ್ಣ. ಎಂಟು ತಿಂಗಳಾಯ್ತು.”

ಅಣ್ಣ ಮುರಿದ ತುಂಡಿನಲ್ಲೇ ಗೀಚಿದ: “ಹಾಡು ನನಗೆ ಬಾಯಿಪಾಠ. ಇದು ಗೊತ್ತಿರಲಿಲ್ಲ.” ಬಟ್ಟೆಯನ್ನೆಲ್ಲ ಸರಿಸಿ ಮೇಜು ಖಾಲಿ ಮಾಡಿ, ಹೊಲಿಯಲು ಬಂದಿದ್ದ ಯಾರದೋ ಕೋಟನ್ನು ಮಡಿಸಿ ತಲೆದಿಂಬು ಮಾಡಿ, ತಮ್ಮನ ರಟ್ಟೆ ಹಿಡಿದು ಮಲಗಿಸಿದ. ತಮ್ಮ ಬೇಡ ಬೇಡವೆನ್ನುತ್ತಲೇ ನಿದ್ದೆಗೆ ಜಾರಿದ.

ಏಳೂವರೆಗೆ ಅವನ ಫೋನು ಬಡಿದುಕೊಂಡಿತು. ರಾತ್ರಿ ಪಾಳಿಯವರು. ಅಣ್ಣ ಅದನ್ನು ಎತ್ತಿಕೊಂಡ, ಬಾಯಿ ತೆರೆದ, ಮುಚ್ಚಿದ. ಕರೆ ಕತ್ತರಿಸಿ, ಒಂದೊಂದೇ ಅಕ್ಷರ ಒತ್ತಿ ಮೆಸೇಜ್ ಕಳಿಸಿದ: “ಇವತ್ತು ಬರಲ್ಲ. ಮಲಗಿದಾನೆ. ಇಂತಿ, ಅವನ ಅಣ್ಣ.”