ಮದ್ದೂರಿನ ದಾರಿ ಬಿಟ್ಟು ಮಂಡ್ಯದ ದಾರಿ ಹಿಡಿದ ಬಸ್ಸು

ಮಳವಳ್ಳಿ–ಮದ್ದೂರು ರೂಟಿನಲ್ಲಿ ಆರು ವರ್ಷ ನಾನು ಕಂಡಕ್ಟರ್, ಅವರು ಡ್ರೈವರ್. ನಾನು ಅಣ್ಣ ಅನ್ನುತ್ತಿದ್ದೆ, ಅವರು ತಾಯಿ ಅನ್ನುತ್ತಿದ್ದರು. ಅವರು ಬ್ರೇಕ್ ಹಾಕಿದರೆ ನಿಂತವರ ಕೈಯಲ್ಲಿದ್ದ ಮೊಸರೂ ತುಳುಕುತ್ತಿರಲಿಲ್ಲ. ನಿವೃತ್ತಿಗೆ ಇನ್ನೆರಡು ವರ್ಷವಿತ್ತು.

ಟೀ ಕುಡಿದು ಲೋಟ ಕೆಳಗಿಟ್ಟ ಮೇಲೂ "ಟೀ ಕುಡುದ್ವಾ ತಾಯೀ?" ಅಂತ ಕೇಳಲು ಶುರುಮಾಡಿದಾಗ ನಾನು ನಕ್ಕಿದ್ದೆ. ವಯಸ್ಸಾಯಿತು, ಅಷ್ಟೇ ಅಂದುಕೊಂಡಿದ್ದೆ.

ಒಂದು ಮಧ್ಯಾಹ್ನ ಬಸ್ಸು ತುಂಬಿತ್ತು. ಕೆ.ಎಂ. ದೊಡ್ಡಿಯಲ್ಲಿ ಮದ್ದೂರಿನ ಕಡೆಗೆ ಹೋಗಬೇಕಾದ ಬಸ್ಸು ಮಂಡ್ಯದ ರಸ್ತೆಗೆ ತಿರುಗಿತು.

"ಏನ್ ಡ್ರೈವರ್ರೇ, ಎತ್ಲಾಗ್ ಓಯ್ತಿದೀರಿ?" ಹಿಂದಿನಿಂದ ಯಾರೋ ಕೂಗಿದರು.

ನಾನು ಜನರ ನಡುವೆ ತೂರಿಕೊಂಡು ಮುಂದೆ ಬಂದೆ. "ಅಣ್ಣಾ, ಇದು ಮಂಡ್ಯ ರೋಡು."

"ಗೊತ್ತು ಕಣಮ್ಮ, ಸುಮ್ಕಿರು."

ವೇಗ ಕಡಿಮೆಯಾಗಲಿಲ್ಲ. ಮುಂದೆ ಕಬ್ಬು ಹೇರಿದ ಟ್ರ್ಯಾಕ್ಟರು, ಎದುರಿಗೆ ಲಾರಿ. ಅವರು ಗೇರು ಬದಲಿಸಿ, ಎರಡರ ನಡುವೆ ಬಸ್ಸನ್ನು ನುಗ್ಗಿಸಿ ದಾಟಿಸಿಯೇ ಬಿಟ್ಟರು. ನಾನು ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದೆ. ಅವರ ಕೈ ಒಂದಿಷ್ಟೂ ನಡುಗಲಿಲ್ಲ. ಹಣೆ ಮಾತ್ರ ಪೂರ್ತಿ ಬೆವತಿತ್ತು. ಆಮೇಲೆ ನನಗೊಬ್ಬಳಿಗೇ ಕೇಳುವಂತೆ ಅಂದರು:

"ತಾಯೀ, ನಾವ್ ಎಲ್ಲಿಗ್ ಓಯ್ತಾ ಇದೀವಿ?"

"ಪಕ್ಕಕ್ಕಾಕಣ್ಣ. ಟೈರ್ ನೋಡ್ಬೇಕು" ಅಂದೆ. ಹೇಳಿದಂತೆ ನಿಲ್ಲಿಸಿದರು. ಪ್ರಯಾಣಿಕರಿಗೂ ಅದೇ ಸುಳ್ಳು ಹೇಳಿ ಅಣ್ಣನಿಗೆ ನೀರು ಕುಡಿಸಿದೆ. ಹತ್ತು ನಿಮಿಷದಲ್ಲಿ ಸರಿಹೋದರು. ಬಸ್ಸು ತಿರುಗಿಸಿದರು. ಮದ್ದೂರಿನವರೆಗೂ ನಾನು ಬೆನ್ನ ಹಿಂದೆ ನಿಂತು ಒಂದೊಂದು ತಿರುವನ್ನೂ ಹೇಳುತ್ತಾ ಬಂದೆ.

ಇಳಿಯುವಾಗ ಅವರು ಕೈಮುಗಿದರು. "ಯಾರ್ಗೂ ಏಳ್ಬ್ಯಾಡ ಕಣವ್ವ. ಎರಡೇ ವರ್ಸ."

ಹೇಳಲಿಲ್ಲ. ಅದು ನನ್ನ ತಪ್ಪು. ಇನ್ನೂ ಎರಡು ದಿನ, ಐವತ್ತು ಅರವತ್ತು ಜನರನ್ನು ಕೂರಿಸಿಕೊಂಡು, ಡ್ರೈವರ್ ಸೀಟಿನ ಹಿಂದೆ ನಿಂತು ದಾರಿ ಹೇಳಿದೆ. ಟಿಕೆಟ್ ಕೊಡುವಾಗಲೂ ಕಣ್ಣು ರಸ್ತೆಯ ಮೇಲೆಯೇ ಇರುತ್ತಿತ್ತು.

ಮೂರನೆಯ ಬೆಳಿಗ್ಗೆ ಅವರು ಬಸ್ಸು ಸ್ಟಾರ್ಟ್ ಮಾಡಿ ನನ್ನ ಕಡೆ ತಿರುಗಿ ಕೇಳಿದರು: "ಯಾವ್ ರೂಟು ಇವತ್ತು?" ನಾನು ಕೆಳಗಿಳಿದು ನೆಟ್ಟಗೆ ಡಿಪೋ ಮ್ಯಾನೇಜರ್ ಬಳಿ ಹೋದೆ. ಎಲ್ಲ ಹೇಳಿ ಮುಗಿಸುವವರೆಗೂ ಹೊರಗೆ ಎಂಜಿನ್ನು ಓಡುತ್ತಲೇ ಇತ್ತು. ಮ್ಯಾನೇಜರ್ ಬಂದು ಅವರನ್ನು ಸೀಟಿನಿಂದ ಇಳಿಸಿದಾಗ ಅವರು ನನ್ನನ್ನು ನೋಡಿದ ನೋಟ ಈಗಲೂ ಚುಚ್ಚುತ್ತದೆ.

ಮಂಡ್ಯದಲ್ಲಿ ತಲೆಯ ಸ್ಕ್ಯಾನ್ ಆಯಿತು. ಅವರ ಹೆಂಡತಿಯ ಜೊತೆ ನಾನೂ ಹೋಗಿದ್ದೆ. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು, ಕಿವಿಯ ಮಟ್ಟದಲ್ಲಿ ಮಿದುಳಿನ ಒಳಗಿದ್ದ ಪುಟ್ಟ ಭಾಗವೊಂದನ್ನು ತೋರಿಸಿದರು. ಹೊಸ ನೆನಪು ಕೂರುವುದು, ದಾರಿ ಗುರುತು ಸಿಗುವುದು ಅಲ್ಲೇ. ಅದು ಸೊರಗಿಹೋಗಿದೆ ಅಂದರು. ಜೀವಕೋಶಗಳ ಒಳಗೂ ಹೊರಗೂ ಒಂದು ಬಗೆಯ ಪ್ರೋಟೀನು ಕಸದಂತೆ ಕಟ್ಟಿಕೊಂಡು, ಅವು ಒಂದೊಂದಾಗಿ ಸಾಯುತ್ತವಂತೆ.

"ಮತ್ತೆ ಬಸ್ಸು ಅಷ್ಟು ಚೆನ್ನಾಗಿ ಓಡಿಸ್ತಿದ್ರಲ್ಲ ಸಾರ್?" ಅಂದೆ ನಾನು.

"ಕೈಕಾಲಿನ ಅಭ್ಯಾಸ ಮಿದುಳಿನಲ್ಲಿ ಬೇರೆ ಕಡೆ ಇರುತ್ತಮ್ಮ. ಅದಿನ್ನೂ ಕೆಟ್ಟಿಲ್ಲ. ಆದರೆ ಈ ಮರೆವಿನ ಕಾಯಿಲೆ ನಿನ್ನೆ ಮೊನ್ನೆಯದಲ್ಲ, ಎಷ್ಟೋ ವರ್ಷದಿಂದ ಒಳಗೊಳಗೇ ನಡೀತಾ ಇದೆ."

ಹಾಗಾದರೆ ನಾನು ನೆಮ್ಮದಿಯಾಗಿ ಟಿಕೆಟ್ ಹರಿಯುತ್ತಿದ್ದ ದಿನಗಳಲ್ಲೂ ಅದು ನಡೆದೇ ಇತ್ತು.

ಹೊರಗೆ ಬಂದ ಮೇಲೆ ಅವರ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಮನೇಲಿ ಬಚ್ಚಲು ಯಾವ ಕಡೆ ಅಂತ ತಿಳೀದೆ ನಿಂತ್ಕತಿದ್ರು ಕಣವ್ವ. ನಾನೇ ಮುಚ್ಚಿಟ್ಟೆ. ನೀನಾದ್ರೂ ಬಾಯ್ ಬುಟ್ಟೆ."

ಅವರು ಮತ್ತೆ ಸ್ಟೀರಿಂಗ್ ಹಿಡಿಯಲಿಲ್ಲ. ಆಗಾಗ ನೋಡಲು ಹೋಗುತ್ತೇನೆ. ಈಗ ನನ್ನ ಹೆಸರು ಅವರಿಗೆ ಗೊತ್ತಿಲ್ಲ, ನಾನು ಯಾರೆಂಬುದೂ ಗೊತ್ತಿಲ್ಲ. ಆದರೂ ನನ್ನನ್ನು ಕಂಡೊಡನೆ ಮುಖ ಬಿಗಿದುಕೊಂಡು ಗೋಡೆಯ ಕಡೆ ತಿರುಗುತ್ತಾರೆ. ಯಾಕೆಂದು ಹೆಂಡತಿ ಕೇಳಿದರೆ, "ಗೊತ್ತಿಲ್ಲ, ಅವ್ಳನ್ ಕಂಡ್ರಾಗಲ್ಲ" ಅನ್ನುತ್ತಾರೆ. ನಾನು ಸ್ವಲ್ಪ ಹೊತ್ತು ಕೂತಿದ್ದು ಎದ್ದು ಬರುತ್ತೇನೆ.